ಗುಟ್ಟಿಗೆ ಗಿರಾಕಿ ಎಷ್ಟು?

ಬೆಂಗಳೂರಿನ ಸ್ಟಾರ್ಟ್‌ಅಪ್ ಮಂದಿಗೆ ಈಗ ಒಂದೇ ಮಂತ್ರ: ಕಟ್ಟುವ ಮೊದಲು ಕೇಳು. ಮನೆಯಿಂದಲೇ ಕೆಲಸ ಮಾಡುವ ಹುಡುಗರ ಜೊತೆ ಅದು ಹಾಸನ ಜಿಲ್ಲೆಯ ಹಳ್ಳಿಮೈಸೂರು ಹೋಬಳಿಗೂ ಬಂದಿದೆ. ಬರೆದಿಟ್ಟದ್ದನ್ನು ನಮ್ಮ ಹೊರತು ಯಾರೂ, ಕಂಪನಿಯವರೂ, ಓದಲಾಗದಂಥ ನೋಟ್ಸ್ ಆ್ಯಪ್ ಮಾಡಬೇಕೇ? ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಗೂಗಲ್ ಫಾರ್ಮ್ ಹಾಕು, ‘ಹೌದು’ ಎಂದವರನ್ನು ಎಣಿಸು. ಬೇರೆ ಸರಕಿಗೆ ಈ ಲೆಕ್ಕ ಒಪ್ಪಬಹುದು. ಗುಟ್ಟಿನ ಗಿರಾಕಿಯನ್ನು ಹೀಗೆ ಎಣಿಸಲು ಹೊರಡುವುದು ತಿಳಿಗೇಡಿತನ.

ಕೇಳಿ ಕಟ್ಟುವುದನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಫೈಲುಗಳನ್ನು ಕಾಪಿಡುವ ಡ್ರಾಪ್‌ಬಾಕ್ಸ್‌ನ ಡ್ರೂ ಹ್ಯೂಸ್ಟನ್ 2008ರಲ್ಲಿ, ಸರಕು ಎಲ್ಲರ ಕೈಗೆ ಸಿಗುವ ಮೊದಲೇ, ಅದು ಹೇಗೆ ಕೆಲಸ ಮಾಡುತ್ತದೆಂದು ತೋರಿಸುವ ಸಣ್ಣ ವಿಡಿಯೊ ಹಾಕಿದರು. ಸರದಿಯಲ್ಲಿದ್ದ 5,000 ಮಂದಿ ರಾತ್ರಿ ಕಳೆಯುವುದರೊಳಗೆ 75,000 ಆದರು. ಅಪ್ಪ ಹೊಗೆಸೊಪ್ಪು ಮಾರಿದ ದುಡ್ಡಿನಲ್ಲಿ ಕೋಡ್ ಬರೆಯಲು ಕೂರುವ ಹುಡುಗನಿಗೆ ಅಂಥದೊಂದು ಭರವಸೆ ಬೇಡವೆನ್ನಲು ನನಗೆ ಬಾಯಿ ಬಾರದು. ಆದರೆ ಫೈಲು ಕಳೆದುಹೋಯಿತೆಂದು ಹೇಳಿಕೊಳ್ಳಲು ಯಾರಿಗೆ ನಾಚಿಕೆ? ಆ ಗಿರಾಕಿ ಧಾರಾಳವಾಗಿ ಕೈ ಎತ್ತಬಲ್ಲವನು.

ಇಲ್ಲಿನ ಗಿರಾಕಿ ಯಾರು? ಮೈಕ್ರೊ ಫೈನಾನ್ಸ್ ವಸೂಲಿಯ ಕಾಟ ಎಷ್ಟಿತ್ತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಗಂಡನಿಗೆ ತಿಳಿಯದಂತೆ ಎತ್ತಿದ ಸಾಲದ ಕಂತು, ತವರಿನಿಂದ ತಂದ ದುಡ್ಡು, ಗಿರವಿಯಿಟ್ಟ ಓಲೆಯ ಲೆಕ್ಕ, ಇವನ್ನೆಲ್ಲ ಮನೆಮಂದಿಯೆಲ್ಲ ಮುಟ್ಟುವ ಒಂದೇ ಫೋನಿನಲ್ಲಿ ಬರೆದಿಡಬೇಕಾದವಳೇ ನಿಜವಾದ ಗಿರಾಕಿ. ಹೆಸರು, ಮೊಬೈಲ್ ನಂಬರ್ ಕೇಳುವ ಫಾರ್ಮನ್ನು ಆಕೆ ತುಂಬುತ್ತಾಳೆಯೇ?

ಹಳ್ಳಿಯವರಿಗೆ ಅಂಥ ಗುಟ್ಟೇನಿರುತ್ತದೆ ಎನ್ನುವವರು ಹಾಸನ ಜಿಲ್ಲೆಯ 2024ನ್ನು ಮರೆತವರು. ಆ ವರ್ಷ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ದಾಟಿದವು. ಹೆಂಗಸರ ಮುಖ ಮರೆಮಾಡುವಷ್ಟು ಮರ್ಯಾದೆಯೂ ಹಂಚಿದವರಿಗೆ ಇರಲಿಲ್ಲ. ಯಾವ ಆ್ಯಪೂ ಆ ಹೆಂಗಸರನ್ನು ಕಾಯುತ್ತಿರಲಿಲ್ಲ ಎಂಬುದು ನಿಜ, ಆ ವಿಡಿಯೊಗಳು ಅವರ ಫೋನಿನಿಂದ ಹೊರಟವಲ್ಲ. ನಾನು ಹೇಳಹೊರಟಿದ್ದು ಆಮೇಲಿನದು. ವಿಶೇಷ ತನಿಖಾ ದಳ ಸಹಾಯವಾಣಿ ತೆರೆದು, ಹೆಸರು ಹೊರಬಾರದೆಂದು ಮಾತು ಕೊಟ್ಟು ಅವರನ್ನು ಕರೆಯಿತು. ದೂರು ಕೊಟ್ಟವರು ಬೆರಳೆಣಿಕೆಯ ಮಂದಿ. ಅಲ್ಲಿ ತೆರೆಯದ ಬಾಯಿ ಗೂಗಲ್ ಫಾರ್ಮಿಗೆ ತೆರೆದೀತೇ? ಈ ಮೌನವನ್ನು ‘ಬೇಡಿಕೆ ಇಲ್ಲ’ ಎಂದು ಓದುವುದು ಅನ್ಯಾಯ. ಬರುವ ‘ಹೌದು’ಗಳೋ, ನಮ್ಮ ಹುಡುಗ ಏನೋ ಮಾಡ್ತಾವ್ನೆ ಅನ್ನುವ ದಾಕ್ಷಿಣ್ಯದವು.

ಬೇಡಿಕೆ ಇರುವುದು ಜನ ಈಗಾಗಲೇ ಹೂಡಿಕೊಂಡಿರುವ ಉಪಾಯಗಳಲ್ಲಿ. ಎಟಿಎಂ ಪಿನ್ನನ್ನು ಯಾರದೋ ಹೆಸರಿನ ಫೋನ್ ನಂಬರಿನೊಳಗೆ ಅಡಗಿಸುತ್ತಾರೆ. ಕ್ಯಾಲ್ಕ್ಯುಲೇಟರ್ ವೇಷದ ಆ್ಯಪಿನಲ್ಲಿ ಫೋಟೊ ಬಚ್ಚಿಡುತ್ತಾರೆ. ತಾವೊಬ್ಬರೇ ಇರುವ ವಾಟ್ಸ್‌ಆ್ಯಪ್ ಗುಂಪು ಮಾಡಿ ಅದರಲ್ಲಿ ಲೆಕ್ಕ ಬರೆಯುತ್ತಾರೆ. ತನಗೆ ತಾನೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯವನ್ನು ಕಂಪನಿ ಕೊಟ್ಟದ್ದು 2022ರ ಕೊನೆಗೆ, ಜನ ಅದಕ್ಕೆ ಕಾದು ಕೂತಿರಲಿಲ್ಲ.

ಇಷ್ಟರ ಮೇಲೂ ಕೇಳಲೇಬೇಕೆಂದರೆ ಕಷ್ಟದ ಪ್ರಶ್ನೆ ಕೇಳಲಿ. ಖಾಸಗಿತನ ಬೇಕೇ ಎಂದರೆ ಬೇಡವೆನ್ನುವವರು ಯಾರು? ನಮ್ಮ ರಾಜ್ಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳೂ 2017ರಲ್ಲಿ ಒಮ್ಮತದಿಂದ ಹೌದೆಂದಿದ್ದಾರೆ. ತೊಡಕು ಕೀಲಿಯದು. ಇಂಥ ಆ್ಯಪಿನಲ್ಲಿ ಅದು ಬಳಸುವವರ ಕೈಯಲ್ಲಷ್ಟೇ ಇರುತ್ತದೆ. ಪಾಸ್‌ವರ್ಡ್ ಮರೆತರೆ ಕಂಪನಿಯೂ ತೆಗೆದುಕೊಡಲಾರದು. ಫೋನ್ ಲಾಕ್ ಆದರೆ ಹೊಳೆನರಸೀಪುರದ ಅಂಗಡಿಗೆ ಒಯ್ದು ‘ಅಣ್ಣ, ಹೆಂಗಾರ ಮಾಡಿ ಬಿಚ್ಚಿಕೊಡು’ ಅನ್ನುವ ರೂಢಿಯವರಿಗೆ ಇದು ಸಣ್ಣ ಮಾತಲ್ಲ. ಬರೆದದ್ದೆಲ್ಲ ಒಂದು ದಿನ ಪೂರ್ತಿ ಹೋಗಬಹುದು, ಒಪ್ಪಿಗೆಯೇ? ಹೀಗೆ ಕೇಳಿದ ಮೇಲೂ ಹತ್ತು ಮಂದಿ ಉಳಿದರೆ, ಅವರ ಹೆಸರು ಕೇಳದೆ ಹುಡುಗ ಕೆಲಸ ಶುರು ಮಾಡಲಿ.