ನಾಯಿ ಬೆಕ್ಕುಗಳ ಚಿಕಿತ್ಸೆ

ನಮ್ಮ ಪಟ್ಟಣಗಳಲ್ಲಿ ನಾಯಿ ಬೆಕ್ಕುಗಳನ್ನು ಅಕ್ಕರೆಯಿಂದ ಸಾಕುವ ಗೃಹಸ್ಥರು ಬಹುಮಂದಿ ಇದ್ದಾರೆ. ಆದರೆ ಆ ಪ್ರಾಣಿಗಳು ಕಾಯಿಲೆ ಬಿದ್ದಾಗ ಅವುಗಳ ಗತಿಯೇನೆಂಬ ವಿಷಯದಲ್ಲಿ ಸಾಕಿದವರಾಗಲಿ, ಪುರಸಭೆಗಳಾಗಲಿ, ಸರಕಾರವಾಗಲಿ ತಕ್ಕಷ್ಟು ಆಲೋಚಿಸಿರುವಂತೆ ಕಾಣುವುದಿಲ್ಲ. ಮದ್ದಿಲ್ಲದ ರೋಗದಿಂದ ಸತ್ತರೆ ಅದು ವಿಧಿ. ಮದ್ದಿದ್ದೂ ಸಕಾಲಕ್ಕೆ ದೊರೆಯದೆ ಸತ್ತರೆ ಅದು ನಮ್ಮ ಉಪೇಕ್ಷೆ.

ಪಶುವೈದ್ಯವು ಈ ನಾಡಿಗೆ ಹೊಸದಲ್ಲ. ಚಾಲುಕ್ಯ ವಂಶದ ಕೀರ್ತಿವರ್ಮನು ೧೨ನೆಯ ಶತಮಾನದಲ್ಲಿಯೇ ಕನ್ನಡದಲ್ಲಿ 'ಗೋವೈದ್ಯ'ವೆಂಬ ಗ್ರಂಥವನ್ನು ರಚಿಸಿದನು. ಬೇಸಾಯದ ನಾಡಿನಲ್ಲಿ ಮೊದಲ ಆರೈಕೆಯು ದನಕರುಗಳಿಗೆ ಸಂದುದು ನ್ಯಾಯವೇ ಸರಿ. ಆ ಶ್ರದ್ಧೆಯ ಫಲವಾಗಿಯೇ, ಹಟ್ಟಿಗೆ ಹಟ್ಟಿಯನ್ನೇ ಬರಿದು ಮಾಡುತ್ತಿದ್ದ ದೊಡ್ಡರೋಗವು ೨೦೧೧ರಲ್ಲಿ ಪ್ರಪಂಚದಿಂದಲೇ ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು. ಆದರೆ ಇಂದಿಗೂ ತಾಲ್ಲೂಕಿನ ಪಶುವೈದ್ಯಶಾಲೆಯ ಕೆಲಸವೆಲ್ಲ ಬಹುಮಟ್ಟಿಗೆ ದನ, ಎಮ್ಮೆ, ಕುರಿಗಳ ಸುತ್ತಲೇ ನಡೆಯುತ್ತದೆ. ವೈದ್ಯರು ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹಳ್ಳಿಗೆ ಹೋಗಿದ್ದರೆ, ನಾಯಿಮರಿಯನ್ನು ಕಂಕುಳಲ್ಲಿ ಇರಿಸಿಕೊಂಡು ಬಂದವನು ಕಾದು ಕಾದು ಹಿಂದಿರುಗಬೇಕಾಗುವುದು. ಇದು ವೈದ್ಯರ ತಪ್ಪಲ್ಲ, ಏರ್ಪಾಡಿನ ಕೊರತೆ.

ಈ ಕಾಯುವಿಕೆಯಲ್ಲಿ ಏನು ಕಳೆದುಹೋಗುವುದೆಂಬುದನ್ನು ವಾಚಕರು ಗಮನಿಸಬೇಕು. ಮರಿಗಳಿಗೆ ವಾಂತಿಯನ್ನೂ ರಕ್ತಭೇದಿಯನ್ನೂ ತರುವ ಪಾರ್ವೋ ರೋಗದ ವೈರಾಣುವನ್ನು ನೇರವಾಗಿ ಕೊಲ್ಲುವ ಖಚಿತವಾದ ಔಷಧವಿಲ್ಲವಾದರೂ, ರಕ್ತನಾಳದ ಮೂಲಕ ದ್ರವವನ್ನು ಕೊಟ್ಟು ಶುಶ್ರೂಷೆ ಮಾಡಿದರೆ ಅನೇಕ ಮರಿಗಳು ಬದುಕುತ್ತವೆ. ಸುಮ್ಮನೆ ಬಿಟ್ಟರೆ ಹೆಚ್ಚಿನವು ಸಾಯುತ್ತವೆ. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಲಸಿಕೆಯನ್ನು ಆರಂಭಿಸಿ, ಹದಿನಾರು ವಾರದವರೆಗೆ ಕ್ರಮವಾಗಿ ಹಾಕಿಸಿದರೆ ಈ ಕಷ್ಟವೇ ಬಾರದು. ಉಣ್ಣೆಗಳಿಂದ ಹರಡುವ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಎಂಬ ಸಾಮಾನ್ಯ ಔಷಧವೇ ಬಹಳ ಸಲ ಸಾಕು, ಆದರೆ ಬೇಗನೆ ಕೊಡಬೇಕು. ಗಂಡುಬೆಕ್ಕಿಗೆ ಮೂತ್ರ ಕಟ್ಟಿದರೆ ಒಂದೆರಡು ದಿನಗಳಲ್ಲಿಯೇ ಪ್ರಾಣಕ್ಕೆ ಅಪಾಯವುಂಟು. ನಾಳೆ ನೋಡೋಣವೆನ್ನುವ ಮಾತು ಅಲ್ಲಿ ಸಲ್ಲದು.

ವೈದ್ಯರು ದೊರೆಯದಿದ್ದಾಗ ಜನರು ಔಷಧದ ಅಂಗಡಿಗೆ ಹೋಗಿ ಮನುಷ್ಯರ ಮಾತ್ರೆಯನ್ನೇ ಕೊಂಡುತರುವರು. ಇದು ಮಹಾ ಅನರ್ಥ. ನಮಗೆ ಜ್ವರ ಇಳಿಸುವ ಪ್ಯಾರಾಸಿಟಮಾಲನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲುದು. ಐಬುಪ್ರೊಫೆನ್ ನಾಯಿಗೂ ವಿಷವೇ. ಪ್ರೀತಿಯಿಂದ ಕೊಟ್ಟರೂ ವಿಷವು ವಿಷವೇ ಅಲ್ಲವೆ?

ಮನುಷ್ಯರಿಗೇ ಔಷಧ ಸಾಲದಿರುವಾಗ ನಾಯಿಗೇಕೆ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೆ ನಾಯಿಯ ಆರೋಗ್ಯವು ಮನುಷ್ಯನ ಆರೋಗ್ಯಕ್ಕೆ ಹೊರತಾದುದಲ್ಲ. ಮನುಷ್ಯರಿಗೆ ಬರುವ ರೇಬೀಸಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತರಷ್ಟು ನಾಯಿಗಳಿಂದಲೇ ಬರುವುದು. ಲಕ್ಷಣಗಳು ತೋರಿದ ಬಳಿಕ ಪ್ರಾಯಶಃ ಯಾರೂ ಉಳಿಯರು. ಕಚ್ಚಿಸಿಕೊಂಡವರು ಹದಿನೈದು ನಿಮಿಷ ಸಾಬೂನು ನೀರಿನಿಂದ ಗಾಯವನ್ನು ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕೆಂಬುದು ದಿಟ. ಆದರೆ ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೋಗದ ಹರಡುವಿಕೆಯೇ ಕಡಿಯುವುದೆಂದು ತಜ್ಞರು ಹೇಳುತ್ತಾರೆ. ಹೀಗಿರುವಾಗ ನಾಯಿಗೆ ಹಾಕಿಸಿದ ಲಸಿಕೆಯು ಬೀದಿಯಲ್ಲಿ ಆಡುವ ಮಗುವಿಗೂ ರಕ್ಷೆಯಲ್ಲವೆ?

ಕಾನೂನು ಈಗಾಗಲೇ ಸ್ಪಷ್ಟವಾಗಿದೆ. ಬೀದಿನಾಯಿಗಳ ಲಸಿಕೆ ಮತ್ತು ಸಂತಾನಹರಣ ಸ್ಥಳೀಯ ಸಂಸ್ಥೆಗಳ ಹೊಣೆ, ಸಾಕಿದ ಪ್ರಾಣಿಗಳದು ಯಜಮಾನರ ಹೊಣೆ ಎಂದು ೨೦೨೩ರ ನಿಯಮಗಳು ವಿಧಿಸಿವೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ಕಾರಣವಿಲ್ಲದೆ ಬೀದಿಪಾಲು ಮಾಡುವುದು ೧೯೬೦ರ ಕಾಯಿದೆಯಂತೆ ಅಪರಾಧ. ಕೊರತೆಯಿರುವುದು ಆಚರಣೆಯಲ್ಲಿ.

ಆದುದರಿಂದ ನಮ್ಮ ಸೂಚನೆಗಳು ಮೂರು. ಪ್ರತಿ ತಾಲ್ಲೂಕು ಪಶುವೈದ್ಯಶಾಲೆಯಲ್ಲಿಯೂ ದಿನಕ್ಕೆ ಒಂದು ಗಂಟೆಯನ್ನಾದರೂ ನಾಯಿ ಬೆಕ್ಕುಗಳಿಗೆಂದೇ ಮೀಸಲಿಟ್ಟು, ಆ ವೇಳೆಯನ್ನೂ ಶುಲ್ಕವನ್ನೂ ಬಾಗಿಲಲ್ಲಿ ಬರೆದು ಹಾಕಬೇಕು. ಸೆಪ್ಟೆಂಬರ್ ೨೮ರ ರೇಬೀಸ್ ದಿನದ ಶಿಬಿರಕ್ಕೇ ತೃಪ್ತರಾಗದೆ, ಪುರಸಭೆಗಳು ವಾರ್ಡಿನಿಂದ ವಾರ್ಡಿಗೆ ವರ್ಷವಿಡೀ ಲಸಿಕೆಯ ಕಾರ್ಯವನ್ನು ನಡೆಸಬೇಕು. ಮೂರನೆಯದು ಗೃಹಸ್ಥರಿಗೆ: ಮರಿಯನ್ನು ಮನೆಗೆ ತರುವ ಮೊದಲೇ ಅದರ ಅನ್ನದ ಖರ್ಚಿನೊಡನೆ ಔಷಧದ ಖರ್ಚನ್ನೂ ಲೆಕ್ಕ ಹಾಕಿರಿ, ಆ ಲೆಕ್ಕ ಕೂಡದಿದ್ದರೆ ತರಬೇಡಿರಿ.

ಬಾಯಿಲ್ಲದ ಪ್ರಾಣಿಯು ಅರ್ಜಿ ಬರೆಯಲಾರದು, ಮತ ಹಾಕಲಾರದು. ಅದರ ಪರವಾಗಿ ಪುರಸಭೆಯನ್ನು ಕೇಳಬೇಕಾದವರು, ಅದನ್ನು ಬಾಗಿಲಲ್ಲಿ ಕಾವಲಿಟ್ಟುಕೊಂಡು ನಿಶ್ಚಿಂತೆಯಾಗಿ ನಿದ್ರಿಸುವ ನಾವೇ.