ಒಗ್ಗರಣೆಯ ಜೊತೆಗೆ ಅಲಂಕಾರ



ಪರೀಕ್ಷೆಯ ಕಾಲ ಬಂತೆಂದರೆ ಹತ್ತನೆಯ ತರಗತಿಯ ಮಕ್ಕಳಿರುವ ಮನೆಯ ಕಳೆಯೇ ಬೇರೆ. ಟಿ.ವಿ. ಬಾಯಿ ಮುಚ್ಚುತ್ತದೆ, ನೆಂಟರು ಮೆಲ್ಲಗೆ ಮಾತಾಡುತ್ತಾರೆ, ತಾಯಂದಿರಾದ ನಾವು ರಾತ್ರಿ ಹನ್ನೊಂದಕ್ಕೆ ಹಾಲು ಬಿಸಿ ಮಾಡುತ್ತೇವೆ. ಅದಕ್ಕಿಂತ ಹೆಚ್ಚಿನದೇನೂ ನಮ್ಮ ಕೈಯಲ್ಲಾಗದು ಎಂದು ನಾನೂ ನಂಬಿದ್ದೆ.

ಹೋದ ವರ್ಷ ನಮ್ಮ ಮಗಳು ಎಸ್ಸೆಸ್ಸೆಲ್ಸಿ. ಒಂದು ಸಂಜೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, “ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್” ಎಂದು ಗಿಳಿಪಾಠ ಒಪ್ಪಿಸುತ್ತಿದ್ದಳು. “ಅದೇನೇ ಅದು?” ಎಂದೆ. “ನಿಂಗೆ ಗೊತ್ತಾಗಲ್ಲ ಬಿಡಮ್ಮ, ನೀನು ಕನ್ನಡ ಮೀಡಿಯಂ” ಎಂದಳು. ಸಿಟ್ಟಿನ ಮಾತಲ್ಲ; ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದಕ್ಕೇ ನನಗೆ ಹೆಚ್ಚು ಚುಚ್ಚಿತು.

ಹಟಕ್ಕೆ ಬಿದ್ದು ಅವಳ ಗೈಡು ತೆಗೆದು ನೋಡಿದೆ. “ವಾಕ್ಯದಲ್ಲಿ ಲೈಕ್ ಅಥವಾ ಆಸ್ ಬಂದರೆ ಸಿಮಿಲಿ, ಅಷ್ಟೇ ತಾನೇ? ಇಷ್ಟಕ್ಕೆ ಯಾಕೆ ಒದ್ದಾಡ್ತೀಯ?” ಎಂದು ಜಂಬದಿಂದ ಹೇಳಿಕೊಟ್ಟೆ. ಮುಂದಿನ ವಾರದ ಕಿರುಪರೀಕ್ಷೆಯಲ್ಲಿ ‘ಐ ಲೈಕ್ ಮ್ಯಾಂಗೋಸ್’ ಎಂಬ ವಾಕ್ಯಕ್ಕೆ ಅವಳು ಸಿಮಿಲಿ ಎಂದು ಬರೆದು ಬಂದಳು! ತರಗತಿಯೆಲ್ಲ ನಕ್ಕಿತಂತೆ. “ನೀನೇ ಹೇಳಿದ್ದು” ಎಂದು ಬ್ಯಾಗು ಎಸೆದು ಒಳಗೆ ಹೋದಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮಲಗಿದಾಗ ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು ನೆನಪಾದರು. ಉಪಮಾಲಂಕಾರ ಎಂದರೆ ಸಾಕು, ನಾಲ್ಕು ಪ್ರಶ್ನೆ ಕೇಳುತ್ತಿದ್ದರು: ಉಪಮೇಯ ಯಾವುದು? ಉಪಮಾನ ಯಾವುದು? ವಾಚಕಪದ ಯಾವುದು? ಸಮಾನಧರ್ಮ ಯಾವುದು? ತಟಕ್ಕನೆ ಎದ್ದು ಕೂತೆ. ಮಗಳು ಓದುತ್ತಿದ್ದ ಸಿಮಿಲಿ ಎಂದರೆ ನಮ್ಮ ಉಪಮೆಯೇ! ನಾನು ವಾಚಕಪದವೊಂದನ್ನೇ ಹಿಡಿದು, ಉಳಿದ ಮೂರನ್ನು ಬಿಟ್ಟಿದ್ದೆ. ಮಾವಿನಹಣ್ಣಿನ ವಾಕ್ಯದಲ್ಲಿ ಹೋಲಿಸುವುದಕ್ಕೆ ಎರಡು ವಸ್ತುಗಳೇ ಇಲ್ಲ. ಅಲ್ಲಿ ಲೈಕ್ ಎಂದರೆ ‘ಹಾಗೆ’ ಅಲ್ಲ, ‘ಇಷ್ಟ’.

ಬೆಳಿಗ್ಗೆ ತಿಂಡಿಯ ತಟ್ಟೆಯ ಮುಂದೆಯೇ ಪಾಠ ಶುರುವಾಯಿತು. “ಇಡ್ಲಿ ಮಲ್ಲಿಗೆಯ ಹಾಗೆ ಮೆತ್ತಗಿದೆ. ಉಪಮೇಯ ಯಾವುದೇ?” ಎಂದೆ. ಮುಖ ಊದಿಸಿಕೊಂಡೇ “ಇಡ್ಲಿ” ಎಂದಳು. ಉಪಮಾನ ಮಲ್ಲಿಗೆ, ವಾಚಕಪದ ‘ಹಾಗೆ’, ಸಮಾನಧರ್ಮ ಮೆತ್ತಗಿರುವುದು. ನಾಲ್ಕೂ ಸಿಕ್ಕವು, ಸಿಮಿಲಿ. “ಈ ಇಡ್ಲಿ ಮಲ್ಲಿಗೆಯೇ ಸರಿ” ಎಂದರೆ? ‘ಹಾಗೆ’ ಹೋಯಿತು, ಎರಡೂ ಒಂದೇ ಆದವು. ಇದು ಮೆಟಫರ್, ನಮ್ಮ ರೂಪಕ.

ಇನ್ನೊಂದು ಮಾತು. “ಅಕ್ಕನ ಹಾಗೆ ತಂಗಿಯೂ ಉದ್ದ” ಎಂದರೆ ಅದು ಬರೀ ಹೋಲಿಕೆ, ಅಲಂಕಾರವಲ್ಲ. ಬೇರೆ ಬೇರೆ ಜಾತಿಯ ವಸ್ತುಗಳನ್ನು ಜೋಡಿಸಿದಾಗಲೇ ಸೊಗಸು. ಶೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ಪೋರ್ಷಿಯಾ ಕರುಣೆಯನ್ನು ಮಳೆಗೆ ಹೋಲಿಸುತ್ತಾಳೆ. ಕರುಣೆಯೆಲ್ಲಿ, ಮಳೆಯೆಲ್ಲಿ!

ಮಿಕ್ಕವೂ ನಮ್ಮ ಅಡುಗೆಮನೆಯಲ್ಲೇ ಇವೆ, ನೋಡಿ.

ಪರ್ಸಾನಿಫಿಕೇಶನ್: ಜೀವವಿಲ್ಲದ್ದಕ್ಕೆ ಮನುಷ್ಯರ ಗುಣ ಕೊಡುವುದು. “ಮಿಕ್ಸಿ ಮುನಿಸಿಕೊಂಡು ಕೂತಿದೆ” ಎನ್ನುತ್ತೇವಲ್ಲ, ಅದೇ. ನಮ್ಮ ವಿ.ಕೃ. ಗೋಕಾಕರು ಇಂಗ್ಲಿಷಿನಲ್ಲಿ ಬರೆದ ‘ದಿ ಸಾಂಗ್ ಆಫ್ ಇಂಡಿಯಾ’ ಪದ್ಯದಲ್ಲಿ ಭಾರತಮಾತೆ ಕವಿಯೊಡನೆ ಮಾತಾಡುತ್ತಾಳೆ. ದೇಶವೇ ತಾಯಿಯಾಗಿ ಬಾಯಿಬಿಟ್ಟಳು.

ಹೈಪರ್ಬಲಿ: “ಸಾವಿರ ಸಲ ಹೇಳಿದ್ದೀನಿ, ಒದ್ದೆ ಟವೆಲು ಮಂಚದ ಮೇಲೆ ಹಾಕಬೇಡ!” ಎಣಿಸಿದವರಾರು? ಇದು ಅತಿಶಯೋಕ್ತಿ. ಮಾತಿನಲ್ಲಿ ನಾವು ಇದನ್ನು ಉತ್ಪ್ರೇಕ್ಷೆ ಎನ್ನುವುದುಂಟು. ವ್ಯಾಕರಣದಲ್ಲಿ ಉತ್ಪ್ರೇಕ್ಷಾಲಂಕಾರವೇ ಬೇರೆ. ಅಲ್ಲಿ ಒಂದು ವಸ್ತುವನ್ನು ಇನ್ನೊಂದೋ ಎಂಬಂತೆ ಕಲ್ಪಿಸುತ್ತಾರೆ. ಮಕ್ಕಳಿಗೆ ಹೇಳುವಾಗ ಗೊಂದಲ ಮಾಡಬೇಡಿ.

ಆನೊಮ್ಯಾಟೊಪೀಯ: ಹೆಸರು ಕೇಳಿ ಹೆದರಬೇಡಿ. ಸಾಸಿವೆ ಚಟಪಟ, ಸಾರು ಕೊತಕೊತ, ಮಳೆ ಧೋ ಧೋ. ಶಬ್ದವನ್ನೇ ಅನುಕರಿಸುವ ಪದ. ನಮ್ಮ ವ್ಯಾಕರಣದ ಅನುಕರಣಾವ್ಯಯ. ಇಂಗ್ಲಿಷಿನಲ್ಲಿ ದುಂಬಿಯ ‘ಬಝ್’, ಹಾವಿನ ‘ಹಿಸ್’.

ಅಲಿಟರೇಶನ್: ಹತ್ತಿರ ಹತ್ತಿರದ ಪದಗಳು ಒಂದೇ ದನಿಯಿಂದ ಶುರುವಾಗುವುದು, ನಮ್ಮ ಅನುಪ್ರಾಸಕ್ಕೆ ಹತ್ತಿರದ ನೆಂಟ. ಇಲ್ಲಿ ಅಕ್ಷರ ನೋಡಬೇಡಿ, ಕಿವಿಗೊಡಿ. ‘ಸಿಟಿ’, ‘ಕ್ಯಾಟ್’ ಎರಡನ್ನೂ ‘ಸಿ’ ಅಕ್ಷರದಿಂದಲೇ ಬರೆಯುತ್ತಾರೆ, ದನಿ ಬೇರೆ. ‘ಫೋನ್’, ‘ಫಿಶ್’ಗಳ ಅಕ್ಷರ ಬೇರೆ, ದನಿ ಒಂದೇ.

ಆಕ್ಸಿಮೋರಾನ್: ಒಂದಕ್ಕೊಂದು ಎದುರಾದ ಎರಡು ಪದ ಕೈಹಿಡಿದು ನಿಲ್ಲುವುದು. ‘ಓಪನ್ ಸೀಕ್ರೆಟ್’. ಬೀದಿಗೆಲ್ಲ ಗೊತ್ತಿರುವ ಗುಟ್ಟುಗಳು ನಮ್ಮ ಊರಿನಲ್ಲೇನು ಕಡಿಮೆಯೇ?

ಬರೆಯುವಾಗಲೂ ಎಚ್ಚರವಿರಲಿ. ಸಿಮಿಲಿ ಬರೆಯಲು ಹೋಗಿ ‘ಸ್ಮೈಲ್’ ಎಂದು ಬರೆಯುವ ಮಕ್ಕಳಿದ್ದಾರೆ. ‘ಎಸ್’ ಆದಮೇಲೊಂದು ‘ಐ’ ಮರೆತರೆ ನಗುವೇ ಗತಿ. ಉದ್ದ ಪದಗಳನ್ನು ಆನೊ, ಮ್ಯಾಟೊ, ಪೀಯ ಎಂದು ಮುರಿದು, ದಿನಕ್ಕೊಂದರಂತೆ ಬರೆಸಿ. ಬರೀ ಲಕ್ಷಣ ಬಾಯಿಪಾಠ ಮಾಡಿಸಬೇಡಿ. ಸಾಲು ಕೊಟ್ಟು ಗುರುತಿಸೆಂದರೆ ಬಾಯಿಪಾಠ ಕೈಕೊಡುತ್ತದೆ. ಪ್ರತಿಯೊಂದಕ್ಕೂ ಮಕ್ಕಳೇ ಒಂದು ಸ್ವಂತ ವಾಕ್ಯ ಕಟ್ಟಲಿ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಸಂಶಯ ಬಂದರೆ ಅವರ ಟೀಚರನ್ನು ಕೇಳಿ ಬರಲಿ. ನನ್ನ ಹಾಗೆ ಜಂಬ ಮಾಡಿ ಮಗುವಿಗೆ ಪೇಚಾಟ ತರಬೇಡಿ.

ಸೋದರಿಯರೇ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಶಬ್ದಾಲಂಕಾರಕ್ಕೇ ಒಂದು ಭಾಗ, ಅರ್ಥಾಲಂಕಾರಕ್ಕೇ ಒಂದು ಭಾಗವಿದೆ. ಅಷ್ಟು ಹಳೆಯ ಗಂಟು ನಮ್ಮದು. ಹೈಸ್ಕೂಲಿನಲ್ಲಿ ಅದರ ಒಂದು ಚೂರನ್ನು ನಮ್ಮ ಸೆರಗಿಗೂ ಕಟ್ಟಿ ಕಳಿಸಿದ್ದರು. ಮದುವೆ, ಮಕ್ಕಳು, ಒಲೆ ಎನ್ನುತ್ತ ನಾವೇ ಬಿಚ್ಚಿ ನೋಡಲಿಲ್ಲ. ಇಂಗ್ಲಿಷ್ ಬಾರದು ಎಂದರೆ ಏನೂ ಬಾರದು ಎಂದು ಮಕ್ಕಳು ತಿಳಿದದ್ದು ಅವರ ತಪ್ಪಲ್ಲ. ನಾವೂ ಹಾಗೇ ತಿಳಿದಿದ್ದೆವಲ್ಲ!

ಮಗಳು ನನ್ನನ್ನೇನೂ ಹೊಗಳಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಹಿಡಿದು ಅಡುಗೆಮನೆಗೆ ಬಂದು, “ಅಮ್ಮಾ, ಇದೊಂದು ಸಾಲು ನೋಡು, ಉಪಮೇಯ ಸಿಕ್ತಿಲ್ಲ” ಎಂದಳು. ಕೈ ಒರೆಸಿಕೊಂಡು ಅವಳ ಪಕ್ಕ ಕೂತೆ. ಒಲೆಯ ಮೇಲೆ ಹಾಲು ಉಕ್ಕಿತು. ಉಕ್ಕಲಿ ಬಿಡಿ.