ಸೇವೆಯ ಹೆಸರಿನ ಬಿಟ್ಟಿ

ನರ್ಸಿಂಗ್ ಪವಿತ್ರ ಸೇವೆ ಅಂತ ವೇದಿಕೆ ಹತ್ತಿ ಭಾಷಣ ಬಿಗಿಯುವ ಮಹನೀಯರೇ, ನಿಮ್ಮ ಮನೆಯ ಎಷ್ಟು ಹೆಣ್ಣುಮಕ್ಕಳು ಬೆಡ್‌ಪ್ಯಾನ್ ಎತ್ತಿದ್ದಾರೆ? ಲೆಕ್ಕ ಕೊಡಿ.

ಸೇವೆ ಅನ್ನೋ ಮಾತು ನಮಗೆ ಹೊಸದಲ್ಲ. ಹೆರಿಗೆಯ ರಕ್ತ, ಮಾಸು, ಹೊಕ್ಕುಳಬಳ್ಳಿ ಎಲ್ಲ ಮೈಲಿಗೆ ಎಂದು ಮಡಿಯವರು ದೂರ ನಿಂತಾಗ ಕೈ ಹಾಕಿದವರು ಕೇರಿಯ ಅವ್ವಂದಿರು. ಮಗು ಅತ್ತ ಮೇಲೆ ಅದೇ ಅವ್ವನಿಗೆ ಹಿತ್ತಿಲ ಬಾಗಿಲು, ಒಂದು ಮೊರ ರಾಗಿ, ಒಂದು ಹಳೇ ಸೀರೆ. ಪಾವಗಡದ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿದರು, ಕಾಸು ಕೇಳಲಿಲ್ಲ. ದೇಶ ಪದ್ಮಶ್ರೀ ಕೊಟ್ಟಿದ್ದು 2018ರಲ್ಲಿ. ಅದೇ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಪದಕವೇನೋ ಸರಿ, ಅಷ್ಟು ವರ್ಷದ ಕೂಲಿ?

ಈಗ ಅದೇ ಕೆಲಸಕ್ಕೆ ಡಿಗ್ರಿ ಬಂದಿದೆ. ಪಿಯುಸಿ ಸೈನ್ಸ್ ಆದಮೇಲೆ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್, ಇಲ್ಲವೇ ಮೂರು ವರ್ಷದ ಜಿ.ಎನ್.ಎಂ. ಗುತ್ತಲಿನಿಂದ, ಮದ್ದೂರು ಮಳವಳ್ಳಿ ಕಡೆಯ ಕೇರಿಗಳಿಂದ ನಮ್ಮ ಹುಡುಗಿಯರು ಹೋಗ್ತಿದ್ದಾರೆ. ಹೋಗಲೇಬೇಕು. ಅವ್ವ ಅನುಭವದಿಂದ ಕಲಿತದ್ದನ್ನು ಮಗಳು ಅಂಗರಚನಾಶಾಸ್ತ್ರ, ಔಷಧಶಾಸ್ತ್ರ ಅಂತ ಓದಿ ತಲೆಯೆತ್ತಿ ನಿಲ್ಲಲಿ.

ಓದಿದ ಮೇಲೇನು? ಖಾಸಗಿ ಆಸ್ಪತ್ರೆಗಳಲ್ಲಿ ಮೂಲ ಅಂಕಪಟ್ಟಿ ಒತ್ತೆಯಿಟ್ಟುಕೊಂಡು ಬಾಂಡ್ ಬರೆಸಿಕೊಳ್ಳುವ ಧಣಿಗಳಿದ್ದಾರೆ. 1976ರಲ್ಲಿ ಜೀತ ರದ್ದಾಯಿತಂತೆ! ಹಳೇ ಧಣಿಗೂ ಇವನಿಗೂ ಇರುವ ವ್ಯತ್ಯಾಸ ಕೊರಳಿನ ಟೈ ಒಂದೇ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಖಾಸಗಿ ಆಸ್ಪತ್ರೆಯ ನರ್ಸುಗಳ ಸಂಬಳ ನೋಡಲು ಸಮಿತಿ ಮಾಡಿ ಅಂದಿತು. ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಬೇಡ, 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ಸಂಬಳದಷ್ಟೇ ಕೊಡಿ ಎಂದು ಸಮಿತಿ ಹೇಳಿತು. ಶಿಫಾರಸು ತಾನೇ, ಅದಕ್ಕೆ ಹಲ್ಲೆಲ್ಲಿದೆ?

ಸರ್ಕಾರ ಇನ್ನೂ ಜಾಣ. ನರ್ಸಿಗೆ 'ಶುಶ್ರೂಷಾಧಿಕಾರಿ' ಅಂತ ಹೆಸರಿಟ್ಟಿತು. ಬಿ.ಎಸ್ಸಿ. ಆದವರನ್ನು 'ಸಮುದಾಯ ಆರೋಗ್ಯ ಅಧಿಕಾರಿ' ಅಂತ ಹಳ್ಳಿಯ ಉಪಕೇಂದ್ರಗಳಿಗೆ ಗುತ್ತಿಗೆ ಮೇಲೆ ತುಂಬಿಕೊಂಡಿತು. ಗುತ್ತಿಗೆಯ ಅಧಿಕಾರಿ! ಗುತ್ತಿಗೆಯ ಮಂತ್ರಿ ಯಾಕಿಲ್ಲ?

ಹೊರದೇಶವೂ ಕೈಬೀಸಿ ಕರೆಯುತ್ತೆ. ಇಂಗ್ಲೆಂಡಿಗೆ ಹೋಗಬೇಕಾದರೆ ಇಂಗ್ಲಿಷ್ ಪರೀಕ್ಷೆ ಬೇರೆ, ಅಲ್ಲಿನ ನರ್ಸಿಂಗ್ ಮಂಡಳಿಯ ಪರೀಕ್ಷೆ ಬೇರೆ. ಎರಡಕ್ಕೂ ದುಡ್ಡು. ಕನ್ನಡ ಶಾಲೆಯ ಹುಡುಗಿ ಅಲ್ಲಿಗೆ ಬರುವ ಹೊತ್ತಿಗೆ ಕಾನ್ವೆಂಟಿನವಳು ವಿಮಾನ ಹತ್ತಿರುತ್ತಾಳೆ. ನಮ್ಮ ಮುದುಕನ ಎದೆನೋವು ಚುಚ್ಚೋದಾ, ಉರಿಯೋದಾ ಅಂತ ಕೇಳಿ ತಿಳಿಯುವ ಕನ್ನಡಕ್ಕೆ ಯಾವ ಮಂಡಳಿ ಅಂಕ ಕೊಟ್ಟಿದೆ?

ನರ್ಸುಗಳ ಮಾತು ಬಂದಾಗೆಲ್ಲ ದೀಪ ಹಿಡಿದ ನೈಟಿಂಗೇಲಮ್ಮನ ಚಿತ್ರ ತೋರಿಸ್ತಾರೆ. ಇರಲಿ, ದೊಡ್ಡ ಹೆಣ್ಣುಮಗಳು. 1897ರ ಪುಣೆಯ ಪ್ಲೇಗಿನಲ್ಲಿ ರೋಗಿಗಳನ್ನು ಆರೈಕೆ ಮಾಡುತ್ತಲೇ ರೋಗ ತಗುಲಿ ಸತ್ತ ಸಾವಿತ್ರಿಬಾಯಿ ಫುಲೆಯ ಚಿತ್ರ ಎಲ್ಲಿ?

ತಂಗಿಯರೇ, ಬಾಂಡ್ ಕಾಗದ ಮುಂದಿಟ್ಟರೆ ಒಬ್ಬೊಬ್ಬರೇ ಹೋಗಿ ರುಜು ಹಾಕಬೇಡಿ. ವಾರ್ಡಿನವರೆಲ್ಲ ಒಟ್ಟಿಗೆ ಹೋಗಿ. ಸಂಬಳ ಎಷ್ಟು, ರಾತ್ರಿ ಪಾಳಿ ಎಷ್ಟು, ರಜೆ ಎಷ್ಟು ಅಂತ ಬರೆದು ಕೊಡಲಿ. ಅಂಕಪಟ್ಟಿಯ ನಕಲು ಕೊಡಿ, ಮೂಲ ನಿಮ್ಮ ಟ್ರಂಕಿನಲ್ಲೇ ಇರಲಿ.